ಎಂಟು ವರ್ಷ ಆದ್ಮೇಲೆ ಬಂದ ಗಂಡ: ಬರ್ತ್ರಾಂದ್‌ಗೆ ನಿಜ ಗೊತ್ತಿತ್ತಾ?

ಪ್ರಶ್ನೆ: ಮೇಡಂ, ಹೋದ ವಾರ ಮನೇಲಿ ಎಲ್ರೂ ಕೂತು 'ದಿ ರಿಟರ್ನ್ ಆಫ್ ಮಾರ್ಟಿನ್ ಗೇರ್' ಅನ್ನೋ ಹಳೇ ಫ್ರೆಂಚ್ ಸಿನಿಮಾ ನೋಡಿದ್ವಿ. ಗಂಡ ಹೇಳ್ದೆ ಕೇಳ್ದೆ ಮನೆ ಬಿಟ್ಟು ಹೋಗ್ತಾನೆ, ಎಷ್ಟೋ ವರ್ಷ ಆದ್ಮೇಲೆ ಬೇರೆ ಯಾರೋ ಬಂದು ನಾನೇ ಅವನು ಅಂತಾನೆ, ಇಡೀ ಊರು ಒಪ್ಕೊಳತ್ತೆ, ಹೆಂಡ್ತಿನೂ ಒಪ್ಕೊಂಡು ಮೂರು ವರ್ಷ ಸಂಸಾರ ಮಾಡ್ತಾಳೆ. ಇದು ನಿಜವಾಗ್ಲೂ ನಡೆದಿದ್ದಾ? ಆ ಕಾಲದ ಹಳ್ಳಿ ಹಾಗೇ ಇತ್ತಾ? ನಮ್ಮಮ್ಮ ಅಂತೂ "ಕಟ್ಕೊಂಡೋಳಿಗೆ ಗೊತ್ತಾಗದೆ ಇರತ್ತಾ" ಅಂತ ಕೊನೇವರೆಗೂ ಕೇಳ್ತಾನೇ ಇದ್ರು.

ಉತ್ತರ: ನಿಮ್ಮಮ್ಮ ಕೇಳಿದ್ದೇ ಈ ಇಡೀ ವಿಷಯದ ಅಸಲಿ ಪ್ರಶ್ನೆ. ಇತಿಹಾಸಕಾರರು ಇದ್ರ ಮೇಲೆ ದೊಡ್ಡ ಜಗಳಾನೇ ಆಡಿದಾರೆ, ಅದಕ್ಕೆ ಆಮೇಲೆ ಬರ್ತೀನಿ. ಮೊದ್ಲು ಸೀದಾ ಉತ್ರ ಕೊಟ್ಬಿಡ್ತೀನಿ: ಹೌದು, ನಡೆದಿದ್ದೇ. 1560ರಲ್ಲಿ ದಕ್ಷಿಣ ಫ್ರಾನ್ಸಿನ ತುಲೂಸ್ ಪಾರ್ಲಮಾಂನಲ್ಲಿ ಕೇಸು ನಡೀತು. ಪಾರ್ಲಮಾಂ ಅಂದ್ರೆ ನಮ್ಮ ಪಾರ್ಲಿಮೆಂಟ್ ತರ ಅನ್ಕೋಬೇಡಿ, ಅದು ರಾಜನ ಹೆಸರಲ್ಲಿ ನಡೀತಿದ್ದ ದೊಡ್ಡ ಕೋರ್ಟು, ಕೆಳಗಿನ ಕೋರ್ಟಿನ ಅಪೀಲುಗಳು ಅಲ್ಲಿಗೆ ಬರ್ತಿದ್ವು. ಆ ಕೇಸಿನ ವರದಿ ಬರೆಯೋ ಹೊಣೆ ಇದ್ದ ಜಡ್ಜು ಜಾನ್ ದ ಕೊರಾಸ್, ಸಿನಿಮಾದಲ್ಲೂ ಅದೇ ಹೆಸ್ರು. ಈ ಮನುಷ್ಯನಿಗೆ ಕೇಸು ತಲೇಲಿ ಎಷ್ಟು ಕೂತ್ಬಿಡ್ತು ಅಂದ್ರೆ ತೀರ್ಪು ಬಂದ ಮರುವರ್ಷವೇ, 1561ರಲ್ಲಿ, ಲಿಯೋನ್ ಊರಲ್ಲಿ ಪುಸ್ತಕ ಮಾಡಿ ಪ್ರಿಂಟ್ ಹಾಕಿಸ್ದ, ಯಾವ ಸಾಕ್ಷಿ ಏನಂದ, ತಾವು ಜಡ್ಜುಗಳು ಎಲ್ಲಿ ಎಡವಿದ್ವಿ ಎಲ್ಲಾ ಬರ್ದ. ನಮಗೆ ಇವತ್ತು ಗೊತ್ತಿರೋದ್ರಲ್ಲಿ ಮುಕ್ಕಾಲು ಪಾಲು ಅಲ್ಲಿಂದಾನೇ ಬಂದಿದ್ದು. ಹಳ್ಳಿ ಜನ ತಾವಾಗಿ ಏನೂ ಬರೆದಿಡ್ಲಿಲ್ಲ, ಓದು ಬರಹ ಬರ್ತಿದ್ದೋರೇ ಕಮ್ಮಿ, ಹಾಗಾಗಿ ಆ ಕಾಲದ ಒಬ್ಬ ಸಾಧಾರಣ ರೈತ ಹೆಂಗಸು ಏನು ಮಾಡಿದ್ಲು ಅಂತ ಇಷ್ಟು ಹತ್ತಿರದಿಂದ ನೋಡೋಕೆ ಸಿಗೋದು ಬಹಳ ಅಪರೂಪ.

ಊರು ಆರ್ತಿಗಾ. ಪಿರೆನೀಸ್ ಬೆಟ್ಟದ ತಪ್ಪಲು, ಪಕ್ಕದಲ್ಲಿ ಲೇಜ್ ಅನ್ನೋ ಸಣ್ಣ ನದಿ, ಗೋಧಿ, ನವಣೆ ತರದ ಸಿರಿಧಾನ್ಯ, ದ್ರಾಕ್ಷಿ, ಕುರಿ. ಗೇರ್ ಕುಟುಂಬ ಆ ಊರಿನೋರೇ ಅಲ್ಲ, ಇದು ಸಿನಿಮಾದಲ್ಲಿ ಇಲ್ವೇ ಇಲ್ಲ. ಅವ್ರು ಬಾಸ್ಕ್ ಜನ, ಅಂದ್ರೆ ಫ್ರಾನ್ಸ್ ಸ್ಪೇನ್ ಗಡಿಯಲ್ಲಿ ತಮ್ಮದೇ ಬೇರೆ ಭಾಷೆ ಇಟ್ಕೊಂಡಿರೋರು, ದೂರದ ಸಮುದ್ರದ ದಡದ ಆಂದಾಯ್ ಅನ್ನೋ ಕಡೆಯಿಂದ ಸುಮಾರು 1527ರಲ್ಲಿ ವಲಸೆ ಬಂದೋರು, ಆಗ ಮಾರ್ಟಿನ್ ಇನ್ನೂ ಎರಡು ಮೂರು ವರ್ಷದ ಕೂಸು. ಬಂದು ಜಮೀನು ತಗೊಂಡು ಹೆಂಚಿನ ಭಟ್ಟಿ ಹಾಕಿ ಚೆನ್ನಾಗೇ ಕುದುರಿಕೊಂಡ್ರು, ದಾಗೇರ್ ಅಂತಿದ್ದ ಮನೆಹೆಸ್ರನ್ನೂ ಊರಿನೋರ ನಾಲಿಗೆಗೆ ಸರಿಯಾಗ್ಲಿ ಅಂತ ಗೇರ್ ಮಾಡ್ಕೊಂಡ್ರು. ಈ ಬಾಸ್ಕ್ ವಿಷಯ ಸುಮ್ನೆ ಹೇಳ್ತಿಲ್ಲ, ಮುಂದೆ ಬೇಕಾಗತ್ತೆ, ನೆನಪಿಟ್ಕೊಳಿ.

1538ರಲ್ಲಿ ಮದುವೆ. ಮಾರ್ಟಿನ್‌ಗೆ ಹದಿನಾಲ್ಕು, ಬರ್ತ್ರಾಂದ್ ಅವನಿಗಿಂತಾನೂ ಚಿಕ್ಕೋಳು. ಎರಡು ಅನುಕೂಲಸ್ಥ ಮನೆಗಳ ಸಂಬಂಧ, ಮಕ್ಕಳನ್ನ ಯಾರು ಕೇಳ್ತಾರೆ. ಎಂಟು ವರ್ಷ ಮಕ್ಕಳಾಗ್ಲಿಲ್ಲ, ಗಂಡ ಹೆಂಡ್ತಿ ನಡುವೆ ಏನೂ ನಡೀಲಿಲ್ಲ ಅನ್ನೋದು ಊರಿಗೆಲ್ಲಾ ಗೊತ್ತು, ಯಾರೋ ಮಾಟ ಮಾಡ್ಸಿದಾರೆ ಅಂತ ಮಾತು, ಊರ ಹುಡುಗ್ರು ಗಲಾಟೆ ಮಾಡಿ ಆಡ್ಕೊಂಡು ನಗೋದು. ಕೊನೆಗೆ ಚರ್ಚಲ್ಲಿ ನಾಲ್ಕು ಪೂಜೆ ಮಾಡ್ಸಿ ಮಾಟ ತೆಗೆಸಿದ್ರು ಅಂತ ಕೊರಾಸ್ ಬರೀತಾನೆ. ಈ ಎಂಟು ವರ್ಷದಲ್ಲಿ ಬರ್ತ್ರಾಂದ್ ಮನೆಯೋರು ಅವಳಿಗೆ ಬಿಟ್ಬಿಡು ಅಂತ ಒತ್ತಾಯ ಮಾಡ್ತಾನೇ ಇದ್ರು, ಇಂಥ ಮದುವೆ ರದ್ದು ಮಾಡ್ಕೊಳೋಕೆ ಚರ್ಚ್ ಕಾನೂನಲ್ಲಿ ದಾರಿನೂ ಇತ್ತು, ಆದ್ರೂ ಅವ್ಳು ಒಪ್ಲಿಲ್ಲ. ನಾನು ಈ ಸಂಗತಿ ಓದ್ದಾಗೆಲ್ಲಾ ಇಲ್ಲಿ ನಿಂತ್ಬಿಡ್ತೀನಿ, ಯಾಕಂದ್ರೆ ಇಷ್ಟು ಚಿಕ್ಕ ಹುಡುಗಿ ಎರಡು ಮನೆ ಕಡೆಯೋರ ಮಧ್ಯ ಕೂತು ತನ್ನ ಲೆಕ್ಕ ತಾನೇ ಹಾಕ್ತಿದಾಳೆ ಅನ್ನೋದು ಇಲ್ಲೇ ಮೊದ್ಲು ಕಾಣ್ಸೋದು.

ಆಮೇಲೆ ಮಗ ಹುಟ್ದ. 1548ರಲ್ಲಿ ಮಾರ್ಟಿನ್ ಅಪ್ಪನ ಕಣಜದಿಂದಾನೇ ಸ್ವಲ್ಪ ಕಾಳು ಕದ್ದ, ಬಾಸ್ಕ್ ಮನೆಗಳಲ್ಲಿ ಕಳ್ಳತನ ಅಂದ್ರೆ ತಲೆ ಎತ್ತಿ ಓಡಾಡೋ ಹಾಗಿಲ್ಲ, ಅದ್ರಲ್ಲೂ ಹೆತ್ತೋರ ಮನೇದು. ಹೆಂಡ್ತಿಗೂ ಹೇಳದೆ ಎದ್ದು ಹೋದೋನು ಸ್ಪೇನಿಗೆ ಹೋಗಿ ಬುರ್ಗೋಸ್‌ನಲ್ಲಿ ಒಬ್ಬ ಕಾರ್ಡಿನಲ್, ಅಂದ್ರೆ ಚರ್ಚಿನ ದೊಡ್ಡ ಅಧಿಕಾರಿ, ಅವನ ಮನೇಲಿ ಆಳಾಗಿ ಸೇರ್ಕೊಂಡ, ಅಲ್ಲಿಂದ ಆ ಮನೆತನದೋರ ಜೊತೆ ಸ್ಪೇನಿನ ಸೈನ್ಯದಲ್ಲಿ ಫ್ಲಾಂಡರ್ಸ್ ಕಡೆ ಹೋಗಿ 1557ರ ಸಾಂ-ಕಾಂತಾಂ ಯುದ್ಧದಲ್ಲಿ, ಅದೂ ತನ್ನ ಫ್ರಾನ್ಸ್ ವಿರುದ್ಧವೇ, ಕಾಲಿಗೆ ಗುಂಡು ಬಿದ್ದು ಕಾಲು ಕತ್ತರಿಸಬೇಕಾಯ್ತು.

ಈ ಕಡೆ ಬರ್ತ್ರಾಂದ್ ಗತಿ ನೋಡಿ. ವಯಸ್ಸು ಇಪ್ಪತ್ತೆರಡರ ಆಸುಪಾಸು, ಕೈಯಲ್ಲೊಂದು ಮಗು. ಆ ಕಡೆ ಕಾನೂನು ಏನಂತಿತ್ತು ಅಂದ್ರೆ ಗಂಡ ಕಾಣೆಯಾಗಿ ಇಪ್ಪತ್ತು ವರ್ಷ ಆದ್ರೂ ಸರಿ, ಸತ್ತಿದಾನೆ ಅಂತ ಪುರಾವೆ ಸಿಗೋವರೆಗೂ ಹೆಂಡ್ತಿ ಇನ್ನೊಂದು ಮದುವೆ ಆಗೋ ಹಾಗಿಲ್ಲ. ಹೆಂಡ್ತಿನೂ ಅಲ್ಲ ವಿಧವೆನೂ ಅಲ್ಲ. ವಿಧವೆ ಆಗಿದ್ರೆ ಆಸ್ತಿ ಮೇಲೆ ಒಂದಿಷ್ಟು ಹಕ್ಕಾದ್ರೂ ಇರ್ತಿತ್ತು. ಮಾವ ತೀರ್ಕೊಂಡ್ಮೇಲೆ ಮಾರ್ಟಿನ್ ಪಾಲಿನ ಜಮೀನೆಲ್ಲಾ ನೋಡ್ಕೊಳ್ತಿದ್ದೋನು ಅವನ ಚಿಕ್ಕಪ್ಪ ಪಿಯೇರ್ ಗೇರ್, ಸಾಲದ್ದಕ್ಕೆ ವಿಧವೆಯಾಗಿದ್ದ ಬರ್ತ್ರಾಂದ್ ತಾಯಿನ ಅವನೇ ಮದುವೆ ಆದ, ಅಂದ್ರೆ ಚಿಕ್ಕಮಾವನೂ ಅವನೇ, ಮಲತಂದೆನೂ ಅವನೇ. ಊಟ ಬಟ್ಟೆ ಎಲ್ಲಾ ಅವನ ಕೈಲಿ. ಸಿನಿಮಾದಲ್ಲಿ ಈ ಪಿಯೇರ್ ಸುಮ್ನೆ ಸಿಡುಕು ಮುದುಕನ ತರ ಕಾಣ್ತಾನೆ, ಆದ್ರೆ ಅವಳ ಬದುಕಿನ ಎಲ್ಲಾ ಬಾಗಿಲ ಬೀಗದ ಕೈ ಅವನ ಹತ್ರಾನೇ ಇತ್ತು ಅನ್ನೋದು ನೋಡೋರಿಗೆ ಅಷ್ಟು ನಾಟಲ್ಲ.

ಇಂಥ ಹೊತ್ತಲ್ಲಿ 1556ರಲ್ಲಿ ಒಬ್ಬ ಬಂದ. ಸೀದಾ ಊರಿಗೆ ಬರ್ಲಿಲ್ಲ, ಪಕ್ಕದೂರಿನ ಛತ್ರದಲ್ಲಿ ಇಳ್ಕೊಂಡು ನಾನು ಮಾರ್ಟಿನ್ ಗೇರ್ ಅಂದ, ಹೆಂಡ್ತಿ ಮಗನ ಹೆಸ್ರು ಎತ್ತಿದ್ರೆ ಕಣ್ಣೀರು ಹಾಕ್ದ. ಸುದ್ದಿ ಕೇಳಿ ಮೊದ್ಲು ಓಡಿ ಬಂದಿದ್ದು ಮಾರ್ಟಿನ್‌ನ ಅಕ್ಕ ತಂಗಿಯರು, ತಬ್ಕೊಂಡು ಅತ್ರು. ಬರ್ತ್ರಾಂದ್ ಮಾತ್ರ ನೋಡಿ ಹಿಂದಕ್ಕೆ ಸರಿದ್ಲು. ಆಗ ಅವ್ನು ಇಬ್ರಿಗೇ ಗೊತ್ತಿರೋ ಮಾತು ತೆಗೆದ, ನಾನು ಹೋಗೋವಾಗ ಪೆಟ್ಟಿಗೇಲಿ ಬಿಟ್ಟು ಹೋದ ಬಿಳೀ ಬಟ್ಟೆ ತಗೊಂಡು ಬಾ ಅಂದ, ಬಟ್ಟೆ ಅಲ್ಲೇ ಇತ್ತು. ಆಮೇಲೆ ಒಪ್ಕೊಂಡ್ಲು. ಈ ಬಂದೋನ ನಿಜವಾದ ಹೆಸ್ರು ಆರ್ನೋ ದ್ಯು ತಿಲ್, ಸಾಜಾಸ್ ಊರಿನೋನು, ಮಾತಿನ ಮಲ್ಲ, ಒಮ್ಮೆ ಕೇಳಿದ್ದು ಮರೀತಿರ್ಲಿಲ್ವಂತೆ. ಇಡೀ ಯೋಚನೆ ಹುಟ್ಟಿದ್ದು ಎಲ್ಲಿಂದ ಅಂತ ಅವನೇ ಸಾಯೋ ಮುಂಚೆ ಹೇಳ್ಕೊಂಡಿದಾನೆ: ದಾರೀಲಿ ಮಾರ್ಟಿನ್‌ನ ಸ್ನೇಹಿತರಿಬ್ರು ಇವನನ್ನ ನೋಡಿ ಮಾರ್ಟಿನ್ ಅಂತ ತಪ್ಪು ತಿಳ್ಕೊಂಡು ಮಾತಾಡ್ಸಿದ್ರು, ಅವ್ರಿಂದಾನೇ ಮೊದ್ಲ ಸಂಗತಿಗಳನ್ನ ಬಾಯಿ ಬಿಡಿಸ್ಕೊಂಡ.

ಊರು ಯಾಕೆ ನಂಬ್ತು ಅಂತೀರಾ? ಫೋಟೋ ಇಲ್ಲ, ಮನೆಗಳಲ್ಲಿ ಕನ್ನಡಿ ಕೂಡ ಇರ್ತಿರ್ಲಿಲ್ಲ, ಸಹಿ ಮಾಡೋಕೆ ಬರಲ್ಲ, ಒಬ್ಬ ಮನುಷ್ಯ ಯಾರು ಅನ್ನೋದು ಪೂರ್ತಿ ಅಕ್ಕಪಕ್ಕದೋರ ನೆನಪಲ್ಲೇ ಇರೋದು. ಇಪ್ಪತ್ನಾಲ್ಕಕ್ಕೆ ಹೋದ ಸಣಕಲ ಹುಡುಗ ಮೂವತ್ತೆರಡಕ್ಕೆ ಮೈ ತುಂಬ್ಕೊಂಡು ಬರಬಾರ್ದಾ ಅಂತ ಅನ್ನಿಸೋದು ಸಹಜ. ಆದ್ರೆ ನನಗೆ ಇದಕ್ಕಿಂತ ಮುಖ್ಯ ಕಾರಣ ಅನ್ಸೋದು ಬೇರೆ, ಅವ್ನು ವಾಪಸ್ ಬರೋದು ಎಲ್ರಿಗೂ ಬೇಕಿತ್ತು. ಅಕ್ಕ ತಂಗಿಯರಿಗೆ ಅಣ್ಣ, ಮಗನಿಗೆ ಅಪ್ಪ, ಮನೆಗೊಬ್ಬ ಯಜಮಾನ, ಬರ್ತ್ರಾಂದ್‌ಗೆ ಆ ಬೀಗದ ಕೈ. ಪಿಯೇರ್ ಕೂಡ ಮೊದ್ಲು ಖುಷಿಯಿಂದಾನೇ ಸ್ವಾಗತ ಮಾಡ್ದ, ಮರೀಬೇಡಿ.

ಮುರಿದು ಬಿದ್ದಿದ್ದು ಜಮೀನಿನ ವಿಷಯಕ್ಕೆ. ಹೊಸ ಮಾರ್ಟಿನ್ ಚುರುಕು ಆಸಾಮಿ, ದವಸ ಧಾನ್ಯ ವ್ಯಾಪಾರ ಶುರು ಮಾಡ್ದ, ಪಿತ್ರಾರ್ಜಿತ ಜಮೀನಲ್ಲಿ ಒಂದಿಷ್ಟು ಮಾರೋಕೂ ಹೊರಟ. ಆರ್ತಿಗಾ ಊರಲ್ಲಿ ಇದು ಮಾಮೂಲು, ಮಾರೋದು ಕೊಳ್ಳೋದು ನಡೀತಾನೇ ಇರೋದು, ಆದ್ರೆ ಬಾಸ್ಕ್ ಪದ್ಧತೀಲಿ ಹಿರಿಯರ ಜಮೀನು ಹೊರಗಿನೋರಿಗೆ ಮಾರೋದು ಅಂದ್ರೆ ಮಹಾ ತಪ್ಪು. ಅದಕ್ಕೇ ಬಾಸ್ಕ್ ವಿಷಯ ನೆನಪಿಟ್ಕೊಳಿ ಅಂದಿದ್ದು. ಆಮೇಲೆ ಅವ್ನು ಇನ್ನೂ ದೊಡ್ಡ ಕೆಲಸ ಮಾಡ್ದ, ನಾನಿಲ್ಲದಾಗ ನನ್ನ ಆಸ್ತಿ ನೋಡ್ಕೊಂಡ್ಯಲ್ಲ ಚಿಕ್ಕಪ್ಪ, ಅದ್ರ ಲೆಕ್ಕ ಕೊಡು ಅಂದ, ಕೊಡದೆ ಇದ್ದಾಗ ಕೋರ್ಟಿಗೆ ಹೋದ. ಅಲ್ಲಿವರೆಗೂ ಅನುಮಾನ ಬಾರದ ಪಿಯೇರ್‌ಗೆ ಅದಾದ್ಮೇಲೆ ಇವ್ನು ನಮ್ಮ ಮಾರ್ಟಿನ್ ಅಲ್ಲ ಅನ್ನಿಸೋಕೆ ಶುರುವಾಯ್ತು. ಪಿಯೇರ್ ಸುಳ್ಳು ಹೇಳ್ದ ಅಂತ ನಾನು ಹೇಳ್ತಿಲ್ಲ, ಕೊನೆಗೆ ಅವನು ಹೇಳಿದ್ದೇ ನಿಜ ಆಯ್ತಲ್ಲ, ಆದ್ರೆ ಮನುಷ್ಯನ ಕಣ್ಣಿಗೆ ಏನು ಯಾವಾಗ ಕಾಣತ್ತೆ ಅನ್ನೋದಕ್ಕೂ ಅವನ ಪಾಲಿನ ಲೆಕ್ಕಕ್ಕೂ ಸಂಬಂಧ ಇದೆ. ದಾಯಾದಿ ಜಗಳ ಕಂಡೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಅದೇ ಸಮಯಕ್ಕೆ ಊರ ಮೇಲೆ ಹಾದು ಹೋದ ಒಬ್ಬ ಸೈನಿಕ, ನಿಜವಾದ ಮಾರ್ಟಿನ್‌ಗೆ ಯುದ್ಧದಲ್ಲಿ ಒಂದು ಕಾಲು ಹೋಗಿದೆ ಅಂತಾನೂ ಹೇಳಿ ಹೋದ.

ಈಗ ನಿಮ್ಮಮ್ಮನ ಪ್ರಶ್ನೆಗೆ ಬರೋಣ. ದಾಖಲೇಲಿ ಬರ್ತ್ರಾಂದ್ ಮಾಡಿದ್ದನ್ನ ಒಂದ್ರ ಪಕ್ಕ ಒಂದು ಇಟ್ಟು ನೋಡಿ. ಪಿಯೇರ್ ಮತ್ತೆ ಅವನ ಅಳಿಯಂದಿರು ಹೊಸ ಮಾರ್ಟಿನ್‌ನ ಹಿಡ್ಕೊಂಡು ಸಾಯೋ ಹಾಗೆ ಹೊಡೀತಿದ್ದಾಗ ಇವ್ಳು ಮೇಲೆ ಬಿದ್ದು ಅಡ್ಡ ಮಲಗಿ ಉಳಿಸಿದ್ಲು. ಬೆಂಕಿ ಹಚ್ಚಿದ ಆರೋಪದ ಮೇಲೆ ತುಲೂಸ್ ಜೈಲಿಗೆ ಹೋಗಿದ್ದೋನು ಬಿಡುಗಡೆ ಆಗಿ ಬಂದ ರಾತ್ರಿ ಒಗೆದ ಶರ್ಟ್ ಕೊಟ್ಟು, ಕಾಲು ತೊಳೆದು, ಜೊತೇಲಿ ಮಲಗಿದ್ಲು. ಬೆಳಗಾಗೋ ಹೊತ್ತಿಗೆ ಪಿಯೇರ್ ಆಯುಧ ಹಿಡಿದ ಜನಾನ ಕರ್ಕೊಂಡು ಬಂದು ಬರ್ತ್ರಾಂದ್ ಪರವಾಗಿ ಅಂತ ಹೇಳಿ ಅವನನ್ನ ಹಿಡ್ಕೊಂಡು ಹೋದ, ಅವತ್ತೇ ಸಂಜೆಗೆ ಇವ್ಳು ಆ ದೂರಿಗೆ ಒಪ್ಪಿಗೆ ಕೊಟ್ಲು, ಕೊಟ್ಟೋಳೇ ಜೈಲಿಗೆ ಬಟ್ಟೆ ದುಡ್ಡೂ ಕಳ್ಸಿದ್ಲು! ಕೇಸು ಮೊದ್ಲು ನಡೆದ ಕೆಳಗಿನ ಕೋರ್ಟು ರಿಯೂ ಅನ್ನೋ ಊರಲ್ಲಿತ್ತು, ಅಲ್ಲಿ ಅವ್ನು ಎದ್ದು ನಿಂತು, ಇವ್ಳು ನಾನು ಮಾರ್ಟಿನ್ ಗೇರ್ ಅಲ್ಲ ಅಂತ ಆಣೆ ಮಾಡ್ಲಿ, ನಾನು ಸಾಯೋಕೆ ರೆಡಿ ಅಂದಾಗ ಅವ್ಳು ಬಾಯಿ ಬಿಡ್ಲಿಲ್ಲ. ಆಣೆನೂ ಮಾಡ್ಲಿಲ್ಲ, ಅವನೇ ನನ್ನ ಗಂಡ ಅಂತಾನೂ ಅನ್ಲಿಲ್ಲ.

ಮೋಸ ಹೋದ ಪೆದ್ದ ಹೆಂಗಸು ಹೀಗೆ ಮಾಡ್ತಾಳಾ? ಅವನು ಗೆದ್ರೆ ನಾನು ಅವನ ಪರ ಇದ್ದೆ, ಸೋತ್ರೆ ದೂರು ಕೊಟ್ಟಿದ್ದೇ ನಾನು, ಎರಡೂ ದಡದಲ್ಲಿ ಒಂದೊಂದು ಕಾಲು. ಅಮೆರಿಕದ ಇತಿಹಾಸಕಾರ್ತಿ ನಟಾಲಿ ಜೆಮನ್ ಡೇವಿಸ್ ಇದನ್ನೇ ಹೇಳಿದ್ದು, ಬರ್ತ್ರಾಂದ್‌ಗೆ ಬೇಗಾನೇ ಗೊತ್ತಾಗಿತ್ತು, ಗೊತ್ತಿದ್ದೂ ಅವನ ಜೊತೆ ಸೇರ್ಕೊಂಡು ಒಂದು ಮದುವೆನ ಇಬ್ರೂ ಕಟ್ಕೊಂಡ್ರು ಅಂತ. ಇದೇ ಡೇವಿಸ್ ಸಿನಿಮಾಗೆ ಇತಿಹಾಸದ ಸಲಹೆಗಾರ್ತಿನೂ ಹೌದು, ಆಮೇಲೆ ಅದೇ ವಿಷಯದ ಮೇಲೆ ತಮ್ಮ ಪ್ರಸಿದ್ಧ ಪುಸ್ತಕ ಬರೆದ್ರು. 1988ರಲ್ಲಿ ರಾಬರ್ಟ್ ಫಿನ್ಲೆ ಅನ್ನೋ ಇನ್ನೊಬ್ಬ ಇತಿಹಾಸಕಾರ ಇತಿಹಾಸದ ಒಂದು ಪತ್ರಿಕೇಲಿ ಇದಕ್ಕೆ ಗಟ್ಟಿಯಾಗೇ ವಿರೋಧ ಮಾಡಿದ್ರು: ಇದ್ಯಾವುದಕ್ಕೂ ದಾಖಲೆ ಇಲ್ಲ, ಕೋರ್ಟೂ ಊರೂ ಎಲ್ರೂ ಅವ್ಳು ಮೋಸ ಹೋದ್ಲು ಅಂತಾನೇ ತಿಳ್ಕೊಂಡಿದ್ರು, ಇಪ್ಪತ್ತನೇ ಶತಮಾನದ ಹೆಣ್ಣಿನ ಮನಸ್ಸನ್ನ ತಂದು ಹದಿನಾರನೇ ಶತಮಾನದವಳಿಗೆ ತೊಡಿಸಿದೀರಿ ಅಂತ. ಡೇವಿಸ್ ಅದೇ ಪತ್ರಿಕೆಯ ಅದೇ ಸಂಚಿಕೇಲಿ ಉತ್ರ ಕೊಟ್ರು. ಫಿನ್ಲೆ ಹೇಳೋದ್ರಲ್ಲಿ ನ್ಯಾಯ ಇದೆ, ಬರ್ತ್ರಾಂದ್ ಮನಸ್ಸಲ್ಲಿ ಇದ್ದಿದ್ದು ಇದೇ ಅಂತ ತೋರ್ಸೋ ಒಂದು ಸಾಲೂ ಎಲ್ಲೂ ಇಲ್ಲ. ಆದ್ರೂ ನಾನು ಡೇವಿಸ್ ಕಡೆಗೇ, ಆ ಕಾಲು ತೊಳೆದ ರಾತ್ರಿ ಮತ್ತೆ ಮಾರನೇ ದಿನದ ಸಂಜೆ ಎರಡನ್ನೂ ಒಟ್ಟಿಗೆ ಇಟ್ರೆ ನನಗೆ ಬೇರೆ ಅರ್ಥ ಹೊಳೆಯಲ್ಲ.

ಸಿನಿಮಾ ಏನು ಮಾಡ್ತು? ಅವಳನ್ನ ಪ್ರೀತಿಗಾಗಿ ನಿಂತ ಹೆಣ್ಣಾಗಿ ಮಾಡ್ತು. ಬರ್ತ್ರಾಂದ್ ಪಾತ್ರ ಮಾಡಿದ ನತಾಲಿ ಬಾಯ್ ಅವ್ರ ಮುಖದಲ್ಲಿ ಮಾತಿಲ್ಲದೆ ಎಷ್ಟೊಂದು ನಡೆಯತ್ತೆ, ಅದಕ್ಕೆ ನಾನು ತಲೆ ಬಾಗ್ತೀನಿ, ಆದ್ರೆ ಕಥೆ ಬರೆದಿರೋ ರೀತೀಲಿ ಆ ಎರಡು ಕಡೆಯ ಆಟ ಮೆತ್ತಗಾಗಿದೆ. ಅವ್ನು ಅವಳಿಗೆ ಹೆಸ್ರು ಬರೆಯೋದು ಕಲ್ಸೋದು, ಆ ಸಹಿ ಕೋರ್ಟಲ್ಲಿ ಕೆಲ್ಸಕ್ಕೆ ಬರೋದು, ಅದೆಲ್ಲಾ ಬರೆದೋರ ಕಲ್ಪನೆ, ಚೆಂದದ ಕಲ್ಪನೆ. ಭಾಷೆ ಇನ್ನೊಂದು. ಆ ಊರಿನೋರು ಮಾತಾಡ್ತಿದ್ದಿದ್ದು ಫ್ರೆಂಚ್ ಅಲ್ಲ, ಆಕ್ಸಿತಾನ್, ಗೇರ್ ಮನೆಯೋರದ್ದು ಬಾಸ್ಕ್. 1539ರಲ್ಲಿ ರಾಜ ಆಜ್ಞೆ ಹೊರಡ್ಸಿ ಕೋರ್ಟ್ ಕಾಗದ ಪತ್ರ ಎಲ್ಲಾ ಫ್ರೆಂಚಲ್ಲೇ ಇರ್ಬೇಕು ಅಂದಿದ್ದ, ಹಾಗಾಗಿ ಜನ ಒಂದು ಭಾಷೇಲಿ ಹೇಳಿದ್ದನ್ನ ಗುಮಾಸ್ತ ಇನ್ನೊಂದು ಭಾಷೇಲಿ ಬರ್ಕೊಳ್ತಿದ್ದ. ಹೊಸ ಮಾರ್ಟಿನ್‌ಗೆ ಬಾಸ್ಕ್ ಒಂದು ಮಾತೂ ಬರಲ್ಲ ಅನ್ನೋದೇ ಅವನ ವಿರುದ್ಧ ಒಂದು ವಾದ ಆಗಿತ್ತು, ಎರಡು ವರ್ಷದ ಮಗು ಊರು ಬಿಟ್ರೆ ಭಾಷೆ ಎಲ್ಲಿ ಉಳಿಯತ್ತೆ ಅನ್ನೋದು ಅದಕ್ಕೆ ಬಂದ ಸಮಾಧಾನ. ಸಿನಿಮಾದಲ್ಲಿ ಎಲ್ರೂ ಫ್ರೆಂಚ್ ಮಾತಾಡೋದ್ರಿಂದ ಇದಕ್ಕೆ ಜಾಗಾನೇ ಇಲ್ಲ. ಹಾಗೇ ಆ ಸುತ್ತಿನ ಹಳ್ಳಿಗಳಿಗೆ ಆಗ ಹೊಸದಾಗಿ ಪ್ರೊಟೆಸ್ಟೆಂಟ್ ಮತ ಬರ್ತಿತ್ತು, ಆ ಮತದೋರ ಕೇಂದ್ರವಾಗಿದ್ದ ಜಿನೀವಾದಲ್ಲಿ ಗಂಡ ಬಿಟ್ಟು ಹೋದ ಹೆಂಗಸಿಗೆ ಮರುಮದುವೆ ದಾರಿ ಮಾಡಿಕೊಟ್ಟಿದ್ರು, ಆರ್ನೋ ಬರ್ತ್ರಾಂದ್ ಇಬ್ರಿಗೂ ಆ ಕಡೆ ಒಲವು ಇದ್ದಿರ್ಬೋದು ಅಂತ ಡೇವಿಸ್ ಊಹೆ, ಅದೂ ಸಿನಿಮಾದಲ್ಲಿ ಬಿಟ್ಟು ಹೋಯ್ತು. ಇವೆಲ್ಲಾ ಹೋಗಿದ್ದಕ್ಕೆ ಡೇವಿಸ್‌ಗೂ ಬೇಜಾರಿತ್ತು, ಆ ಬೇಜಾರಿಂದಾನೇ ಅವ್ರು ಪುಸ್ತಕ ಬರೆದಿದ್ದು. ಆದ್ರೆ ಒಂದು ಮಾತು, ನಟ ಜೆರಾರ್ ದೆಪಾರ್ದ್ಯು ಆರ್ನೋ ಪಾತ್ರದೊಳಗೆ ಇಳಿಯೋದು ನೋಡ್ತಾ ನೋಡ್ತಾ ಮೋಸಗಾರ ಇನ್ನೊಬ್ಬನ ಬದುಕನ್ನ ಹೇಗೆ ಹೊತ್ಕೊಂಡಿರ್ಬೋದು ಅನ್ನೋದು ತಮಗೆ ಹೊಸದಾಗಿ ಕಾಣ್ತು ಅಂತಾನೂ ಅವ್ರೇ ಬರೆದಿದಾರೆ.

ಹಳ್ಳಿ ಹಾಗೇ ಇತ್ತಾ ಅಂದ್ರಿ. ಇದ್ರಲ್ಲಿ ಸಿನಿಮಾಗೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ. ನಿರ್ದೇಶಕ ದಾನಿಯೆಲ್ ವೀನ್ಯ್ 1982ರಲ್ಲಿ ತೆಗೆದಿದ್ದು, ಶೂಟಿಂಗೂ ಆರ್ತಿಗಾ ಇರೋ ಆರಿಯೇಜ್ ಜಿಲ್ಲೆಯ ಹಳ್ಳೀಲೇ ಆಯ್ತು. ಕೆಸರು, ಒಲೆ ಬೆಂಕಿಯ ಬೆಳಕು, ಒರಟು ಉಣ್ಣೆ ಬಟ್ಟೆ, ಒಂದೇ ಕೋಣೇಲಿ ಅಡಿಗೆನೂ ನಿದ್ದೆನೂ ಜಗಳಾನೂ, ಯಾರ ಮನೇಲಿ ಏನು ನಡೆದ್ರೂ ಗೋಡೆ ದಾಟಿ ಊರಿಗೆಲ್ಲಾ ತಿಳಿಯೋದು. ಬಟ್ಟೆ ಮಾಡಿದ ಆನ್-ಮರಿ ಮಾರ್ಶಾನ್ ಅವ್ರಿಗೆ ಆಸ್ಕರ್ ನಾಮಿನೇಷನ್ ಬಂದಿತ್ತು, ರೈತರ ಹರಕು ಬಟ್ಟೆಗೆ ಆ ಗೌರವ ಸಿಗೋದು ಸಣ್ಣ ಮಾತಲ್ಲ. ಫ್ರಾನ್ಸಲ್ಲಿ ಆಗ ಕಾಲಾನೂ ಹಾಗೇ ಇತ್ತು, ರಾಜ ಮಹಾರಾಜರನ್ನ ಬಿಟ್ಟು ಹಳ್ಳಿ ಇತಿಹಾಸ ಓದೋ ಹುಚ್ಚು, ಇದೇ ಜಿಲ್ಲೆಯ ಮೊಂತಾಯು ಅನ್ನೋ ಹಳ್ಳಿ ಬಗ್ಗೆ ಎಮಾನ್ಯುಯೆಲ್ ಲ ರುವಾ ಲದೂರಿ 1975ರಲ್ಲಿ ಬರೆದ ಪುಸ್ತಕ ಜನಸಾಮಾನ್ಯರೂ ಮುಗಿಬಿದ್ದು ಓದಿದ್ರು. ಇನ್ನು ಸಿನಿಮಾಕ್ಕೆ ಕಥೆ ಬರೆದ ಇಬ್ರಲ್ಲಿ ಒಬ್ರು ಜಾನ್-ಕ್ಲೋಡ್ ಕರಿಯೇರ್, ಹೆಸ್ರು ಎಲ್ಲೋ ಕೇಳ್ದಂಗಿದೆ ಅನ್ಸಿದ್ರೆ ಸರಿಯೇ, ಇಂಗ್ಲೆಂಡಿನ ನಿರ್ದೇಶಕ ಪೀಟರ್ ಬ್ರೂಕ್ ಅವ್ರ ಮಹಾಭಾರತ ನಾಟಕ ಬರೆದೋರು ಇವರೇ. ಅವ್ರು ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಹಳ್ಳೀಲಿ ದ್ರಾಕ್ಷಿ ಬೆಳೆಯೋರ ಮನೇಲಿ, ಊರ ಜನ ಗುಂಪಾಗಿ ಮಾತಾಡೋ ಸೀನುಗಳಲ್ಲಿ ಅದು ಗೊತ್ತಾಗತ್ತೆ ಅನ್ಸತ್ತೆ ನನಗೆ. ಮತ್ತೊಮ್ಮೆ ನೋಡಿದ್ರೆ ಗಮನಿಸಿ, ಮನೆ ಬಿಟ್ಟು ಹೋಗೋ ಹುಡುಗ ಮಾರ್ಟಿನ್ ಬೇರೆ ನಟ, ವಾಪಸ್ ಬರೋನು ದೆಪಾರ್ದ್ಯು. ಹಾಗಾಗಿ ನೋಡೋ ನಾವೂ ಊರಿನೋರ ತರಾನೇ, ಹೋಲಿಸೋಕೆ ಆಗದೆ ಒದ್ದಾಡ್ತೀವಿ.

ಕೋರ್ಟ್ ಭಾಗ ನಿಜದಲ್ಲಿ ಇನ್ನೂ ಗೊಂದಲ. ರಿಯೂ ಊರಲ್ಲಿ ಸುಮಾರು 150 ಸಾಕ್ಷಿಗಳು. ಒಂದು ನಲವತ್ತು ಜನ ಇವ್ನು ಮಾರ್ಟಿನ್ ಅಲ್ಲ ಅಂದ್ರು, ಹೆಚ್ಚು ಕಮ್ಮಿ ಅಷ್ಟೇ ಜನ ಇವನೇ ಅಂದ್ರು, ಉಳಿದೋರು ನಮಗೆ ಹೇಳೋಕಾಗಲ್ಲ ಅಂದ್ರು! ಹಣೆ ಮೇಲಿನ ಗಾಯದ ಗುರುತು, ಮುರಿದ ಹಲ್ಲು, ಕೈ ಮೇಲಿನ ನರಹುಲಿ ಅಂತ ಒಂದು ಕಡೆಯೋರು ತೋರ್ಸಿದ್ರೆ, ಶೂ ಹೊಲಿಯೋನು ಬಂದು ಮಾರ್ಟಿನ್ ಪಾದದ ಅಳತೆ ಹನ್ನೆರಡು, ಇವಂದು ಒಂಬತ್ತು ಅಂದ. ನಾಲ್ಕೂ ಜನ ಅಕ್ಕ ತಂಗಿಯರು ಇವನೇ ನಮ್ಮಣ್ಣ ಅಂತ ಪಟ್ಟು ಹಿಡಿದ್ರು. ರಿಯೂ ಕೋರ್ಟು ಮರಣದಂಡನೆ ಕೊಡ್ತು, ಅಪೀಲಲ್ಲಿ ತುಲೂಸ್ ಜಡ್ಜುಗಳು ಬಿಟ್ಬಿಡೋ ಕಡೆಗೇ ವಾಲಿದ್ರು, ಅಷ್ಟರಲ್ಲಿ 1560ರ ಜುಲೈ ಕೊನೇಲಿ ಮರದ ಕಾಲಿನ ಮನುಷ್ಯ ಟಕ್ ಟಕ್ ಅಂತ ಬಂದ. ನೋಡಿದ ತಕ್ಷಣ ಅದೇ ಅಕ್ಕ ತಂಗಿಯರು ಅವನ ಕೊರಳಿಗೆ ಬಿದ್ರು. ಬರ್ತ್ರಾಂದ್ ಮಂಡಿಯೂರಿ ಕ್ಷಮೆ ಕೇಳಿದ್ರೆ ಅವ್ನು ಕರಗ್ಲಿಲ್ಲ, ನನ್ನ ಅಕ್ಕ ತಂಗಿಯರನ್ನ ಚಿಕ್ಕಪ್ಪನ್ನ ನೆಪ ಹೇಳ್ಬೇಡ, ಗಂಡನ ಗುರುತು ಹೆಂಡ್ತಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ ಅನ್ನೋ ಅರ್ಥದಲ್ಲಿ ಬೈದ. ನೋಡಿ, ನಿಮ್ಮಮ್ಮನ ಮಾತೇ. ಆದ್ರೆ ಹನ್ನೆರಡು ವರ್ಷ ಬಿಟ್ಟು ಹೋದೋನ ಬಾಯಲ್ಲಿ ಆ ಮಾತು ಕೇಳಿದಾಗ ನನಗೆ ಹೊಟ್ಟೆ ಉರಿಯತ್ತೆ.

ಸೆಪ್ಟೆಂಬರ್ 16ಕ್ಕೆ ಆರ್ನೋನ ಆರ್ತಿಗಾದಲ್ಲಿ ಮಾರ್ಟಿನ್ ಗೇರ್ ಮನೆ ಮುಂದೇನೇ ನೇಣು ಹಾಕಿದ್ರು, ಹೆಣ ಸುಟ್ರು. ಸಾಯೋ ಮುಂಚೆ ಎಲ್ಲಾ ಒಪ್ಕೊಂಡು, ಬರ್ತ್ರಾಂದ್ ಮೇಲೆ ಕಠಿಣವಾಗಿರ್ಬೇಡ ಅಂತ ಮಾರ್ಟಿನ್‌ನ ಕೇಳ್ಕೊಂಡ. ಕೊರಾಸ್ ಕಥೆನೂ ಚೆನ್ನಾಗಿ ಮುಗೀಲಿಲ್ಲ, ಪ್ರೊಟೆಸ್ಟೆಂಟ್ ಅನ್ನೋ ಕಾರಣಕ್ಕೆ 1572ರಲ್ಲಿ ತುಲೂಸ್‌ನಲ್ಲಿ ಅವನನ್ನೂ ಕೊಂದು, ತಾನು ಕೂತು ತೀರ್ಪು ಕೊಡ್ತಿದ್ದ ಕೋರ್ಟಿನ ಮುಂದೇನೇ ಕೆಂಪು ಗೌನ್ ಸಮೇತ ನೇತು ಹಾಕಿದ್ರು. ಅದೇ ಕಾಲದ ಲೇಖಕ ಮೊಂತೇನ್ ಈ ಕೇಸಿನ ಬಗ್ಗೆ ಬರೆದು, ಇಷ್ಟು ಗೊಂದಲ ಇರೋ ವಿಷಯಕ್ಕೆ ನೇಣು ಹಾಕೋವಷ್ಟು ಧೈರ್ಯ ಜಡ್ಜುಗಳಿಗೆ ಎಲ್ಲಿಂದ ಬಂತು ಅಂತ ಕೇಳಿದಾನೆ.

ಕೊನೇದಾಗಿ ಸಿನಿಮಾ ನೋಡಿದೋರು ಯಾರೂ ನನ್ನ ಕೇಳದೆ ಇರೋ ಒಂದು ಸಂಗತಿ. ಆರ್ನೋ ಬರ್ತ್ರಾಂದ್‌ಗೆ ಎರಡು ಹೆಣ್ಣು ಮಕ್ಕಳು ಹುಟ್ಟಿದ್ವು, ಒಂದು ಉಳೀತು. ಆ ಕಾಲದ ಕಾನೂನು ಪ್ರಕಾರ ತಂದೆ ತಾಯೀಲಿ ಒಬ್ರಾದ್ರೂ ಇದು ಸರಿಯಾದ ಮದುವೆ ಅಂತ ನಂಬಿದ್ರೆ ಮಗು ಸಕ್ರಮ. ಬರ್ತ್ರಾಂದ್ ಮೋಸ ಹೋದ್ಲು ಅಂತ ಜಡ್ಜುಗಳು ತೀರ್ಮಾನಿಸಿದ್ರು, ಹಾಗೆ ತೀರ್ಮಾನಿಸಿದ್ದಕ್ಕೇ ಆ ಮಗು ಸಕ್ರಮ ಆಯ್ತು, ಆರ್ನೋನ ಸ್ವಂತ ಊರಿನ ಆಸ್ತಿ ಆ ಮಗುಗೇ ಸೇರ್ತು. ಬರ್ತ್ರಾಂದ್ ನನಗೆ ಗೊತ್ತಿತ್ತು ಅಂತ ಆವತ್ತು ಒಂದು ಮಾತು ಅಂದಿದ್ರೆ ಮಗಳಿಗೆ ಹೆಸ್ರೂ ಇರ್ತಿರ್ಲಿಲ್ಲ, ಜಮೀನೂ ಇರ್ತಿರ್ಲಿಲ್ಲ. ನಿಮ್ಮಮ್ಮನಿಗೆ ಇದನ್ನ ಹೇಳಿ, ಅವ್ರು ಏನಂತಾರೆ ಅಂತ ನನಗೂ ಬರೀರಿ.